ಬಾಣದ ಮೇಲಿನ ಮಾತು

ಒಂದು ವಿಷಯದ ಪರಿಕಲ್ಪನೆಗಳನ್ನು ಚೌಕಗಳಲ್ಲಿಟ್ಟು ಅವುಗಳ ಸಂಬಂಧವನ್ನು ಬಾಣಗಳಿಂದ ತೋರಿಸುವ ಪರಿಕಲ್ಪನಾ ನಕ್ಷೆ (ಕಾನ್ಸೆಪ್ಟ್ ಮ್ಯಾಪ್) ಉಡುಪಿ, ಮಂಗಳೂರು ಕಡೆಯ ಪ್ರೌಢಶಾಲೆಗಳಲ್ಲಿ ಈಗ ಹೊಸ ಸಂಗತಿಯೇನಲ್ಲ. ಕಂಪ್ಯೂಟರ್ ಲ್ಯಾಬ್ ಇರುವಲ್ಲಿ ಮಕ್ಕಳು ಅದನ್ನು ಆನ್‌ಲೈನ್ ಉಪಕರಣದಲ್ಲೇ ರಚಿಸಿ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಗಳಿಗಾಗಿ ಮುದ್ರಿಸಿ ಒಪ್ಪಿಸುವುದೂ ಉಂಟು. ನಡುವೆ ‘ಜಲಚಕ್ರ’ ಎಂಬ ದಪ್ಪಕ್ಷರ, ಸುತ್ತಲೂ ಬಣ್ಣಬಣ್ಣದ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಬಾಣಗಳ ಮೇಲೆ ಒಂದಕ್ಷರವೂ ಇರುವುದಿಲ್ಲ. ನನ್ನ ತಕರಾರು ಇಷ್ಟೇ: ಬಾಣದ ಮೇಲೆ ಮಾತಿಲ್ಲದ ಚಿತ್ರ ಪರಿಕಲ್ಪನಾ ನಕ್ಷೆಯೇ ಅಲ್ಲ, ಅದಕ್ಕೆ ಕೊಟ್ಟ ಅಂಕ ಚಿತ್ರಕಲೆಗೆ ಸಂದ ಅಂಕವೇ ಹೊರತು ವಿಜ್ಞಾನಕ್ಕೆ ಸಂದದ್ದಲ್ಲ. ಯಕ್ಷಗಾನದ ಕರಪತ್ರದಲ್ಲಿ ವೇಷಧಾರಿಗಳ ಹೆಸರನ್ನೆಲ್ಲ ಓದಿದ ಮಾತ್ರಕ್ಕೆ ಆ ರಾತ್ರಿಯ ಪ್ರಸಂಗ ನೋಡಿದಂತಾಗುವುದಿಲ್ಲ. ಯಾರು ಯಾರಿಗೆ ಏನು ಮಾಡಿದರು ಎಂಬುದು ತಿಳಿದರೆ ತಾನೇ ಪ್ರಸಂಗ?

ಈ ನಕ್ಷೆ ಹುಟ್ಟಿದ ಬಗೆಯನ್ನು ತಿಳಿದರೆ ಬಾಣದ ಮಹತ್ವ ತಾನಾಗಿ ಸ್ಪಷ್ಟವಾಗುತ್ತದೆ. 1972ರ ಸುಮಾರಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು ಚಿಕ್ಕ ಮಕ್ಕಳ ವಿಜ್ಞಾನ ಕಲಿಕೆಯನ್ನು ಗಮನಿಸುತ್ತಿದ್ದರು. ಮೊದಲೆರಡು ತರಗತಿಗಳಲ್ಲಿ ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಮುಂದಿನ ವರ್ಷಗಳಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಹಿಂಬಾಲಿಸಿದ ಆ ಅಧ್ಯಯನ 12 ವರ್ಷಗಳ ಅವಧಿಯದು. ಮಕ್ಕಳನ್ನು ಮಾತನಾಡಿಸಿ ಬರೆದಿಟ್ಟುಕೊಂಡ ಸಂದರ್ಶನಗಳು ರಾಶಿ ಬಿದ್ದವು. ಒಂದು ವರ್ಷದ ಮಾತಿಗೂ ಇನ್ನೊಂದು ವರ್ಷದ ಮಾತಿಗೂ ಇರುವ ವ್ಯತ್ಯಾಸವನ್ನು ಆ ರಾಶಿಯಲ್ಲಿ ಹುಡುಕುವುದು ದುಸ್ತರವಾಯಿತು. ಮಗುವಿನ ಮಾತುಗಳನ್ನು ಸಣ್ಣ ಸಣ್ಣ ಹೇಳಿಕೆಗಳಾಗಿ ಬಿಡಿಸಿ, ಎರಡು ಪರಿಕಲ್ಪನೆಗಳ ನಡುವೆ ಒಂದು ಸಂಬಂಧವನ್ನಿಟ್ಟು ಹಾಳೆಯ ಮೇಲೆ ಹೆಣೆದಾಗ ದಾರಿ ತೆರೆಯಿತು. ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದೇ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬ ಮನೋವಿಜ್ಞಾನಿ ಡೇವಿಡ್ ಆಸುಬೆಲ್ ಅವರ ಸಿದ್ಧಾಂತ ಇದರ ಹಿನ್ನೆಲೆಯಲ್ಲಿತ್ತು. ಹೀಗೆ ಪರಿಕಲ್ಪನಾ ನಕ್ಷೆ ಹುಟ್ಟಿದ್ದು ಮಗುವಿನ ತಿಳಿವಳಿಕೆಯನ್ನು ಕಂಡುಹಿಡಿಯುವ ಸಾಧನವಾಗಿ. ಗೋಡೆಯ ಅಲಂಕಾರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಅದೇ ದಶಕದಲ್ಲಿ ಟೋನಿ ಬುಜಾನ್ ಜನಪ್ರಿಯಗೊಳಿಸಿದ ಮೈಂಡ್ ಮ್ಯಾಪ್ ಬೇರೆಯೇ ವಸ್ತು. ನಡುವಿನ ಒಂದು ಪದದಿಂದ ಕೊಂಬೆಗಳು ಹರಡುವ ಆ ಚಿತ್ರದಲ್ಲಿ ಸಂಬಂಧವನ್ನು ವಿವರಿಸಬೇಕೆಂಬ ನಿಯಮವಿಲ್ಲ. ನೆನಪಿಗೆ ಬಂದದ್ದನ್ನು ಬರೆದಿಡಲು ಅದು ಸಾಕು. ಆದರೆ ಬಣ್ಣ ಬಳಸಿದರೆ ಬಲ ಮೆದುಳು ಜಾಗೃತವಾಗುತ್ತದೆ, ಅಂಕ ಏರುತ್ತದೆ ಎಂದು ಪೋಷಕರನ್ನು ನಂಬಿಸಿ ಶಿಬಿರ ನಡೆಸುವವರ ಬಗ್ಗೆ ನನಗೆ ಆತಂಕವಿದೆ. ಎರಡು ಅರೆಗೋಳಗಳ ನಡುವಿನ ಸಂಪರ್ಕವನ್ನು ಕತ್ತರಿಸಿದ ರೋಗಿಗಳ ಮೇಲೆ ರೋಜರ್ ಸ್ಪೆರಿ ನಡೆಸಿದ, 1981ರ ನೊಬೆಲ್ ಪಡೆದ ಸಂಶೋಧನೆಯನ್ನು ಎಳೆದಾಡಿ ಕಟ್ಟಿದ ಕಥೆ ಅದು. ಆರೋಗ್ಯವಂತ ಮಗುವಿನ ಮೆದುಳಿನ ಎರಡೂ ಭಾಗಗಳು ಲೆಕ್ಕ ಮಾಡುವಾಗಲೂ ಚಿತ್ರ ಬಿಡಿಸುವಾಗಲೂ ಒಟ್ಟಿಗೇ ದುಡಿಯುತ್ತವೆ.

ಆನ್‌ಲೈನ್ ಉಪಕರಣಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಸಿ-ಮ್ಯಾಪ್. ಫ್ಲೋರಿಡಾದ ಪೆನ್ಸಕೋಲದಲ್ಲಿರುವ ಐಎಚ್‌ಎಂಸಿ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಆಲ್ಬರ್ಟೊ ಕನ್ಯಾಸ್ ಮತ್ತು ತಂಡದವರು ರೂಪಿಸಿದ ಈ ತಂತ್ರಾಂಶಕ್ಕೆ ಶಾಲೆಗಳು ಹಣ ಕೊಡಬೇಕಾಗಿಲ್ಲ. ಬ್ರೌಸರಿನಲ್ಲೇ ತೆರೆಯುವ ಸಿ-ಮ್ಯಾಪ್ ಕ್ಲೌಡ್ ಕೂಡ ಇದೆ. ಸಿ-ಮ್ಯಾಪ್ ಟೂಲ್ಸ್‌ನಲ್ಲಿ ಖಾಲಿ ಜಾಗದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಒಂದು ಚೌಕ ಮೂಡಿ ಅದರೊಳಗೆ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸುತ್ತವೆ. ಆ ಚೌಕದಿಂದ ಇನ್ನೊಂದಕ್ಕೆ ಬಾಣ ಎಳೆದರೆ ಬಾಣದ ನಡುವೆಯೂ ಅವೇ ನಾಲ್ಕು ಚಿಹ್ನೆಗಳು. ಸಂಬಂಧವೇನೆಂದು ಬರೆಯುವ ತನಕ ಅವು ಅಲ್ಲೇ ಕುಳಿತಿರುತ್ತವೆ. ಬೇರೆ ಅನೇಕ ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಬಾಣ ಬೋಳಾಗಿ ಬರುವುದರಿಂದ ಬರೆಯಬೇಕಾದದ್ದೊಂದಿದೆ ಎಂಬುದೇ ಮಗುವಿಗೆ ಹೊಳೆಯುವುದಿಲ್ಲ.

ಬಾಣದ ಮೇಲೆ ಮಾತು ಬಿದ್ದ ಕ್ಷಣ ಚಿತ್ರ ಹೇಳಿಕೆಯಾಗುತ್ತದೆ. ಹೇಳಿಕೆಯಾದರೆ ಅದು ಸರಿಯೋ ತಪ್ಪೋ ಎಂದು ಕೇಳಬಹುದು. ‘ಸೂರ್ಯ’, ‘ಸಮುದ್ರ’ ಎಂಬ ಎರಡು ಚೌಕಗಳನ್ನು ಬರಿದೇ ಜೋಡಿಸಿದರೆ ತಿದ್ದಲು ಅಲ್ಲಿ ಏನೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಇಲ್ಲೊಂದು ನಿಜವಾದ ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟುತ್ತದೆ; ನಕ್ಷೆಯಲ್ಲಾದರೋ ಕ್ರಿಯೆ ಎರಡು ನಾಮಪದಗಳ ನಡುವೆ ನಿಲ್ಲಬೇಕು. ಇದಕ್ಕೆ ಬೇಸತ್ತ ಮಕ್ಕಳು ಎಲ್ಲ ಬಾಣಗಳ ಮೇಲೂ ‘ಸಂಬಂಧ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪರಿಹಾರ ನಮ್ಮ ಆಡುಮಾತಿನಲ್ಲೇ ಇದೆ. ‘ಬಾವಿ ಬತ್ತಿಸಿದ್ದು ಪಂಪು’ ಎನ್ನುವಾಗ ಕ್ರಿಯೆಯನ್ನು ನಾವು ನಡುವೆಯೇ ಇಡುತ್ತೇವಲ್ಲ, ಹಾಗೆಯೇ ‘ಮಳೆನೀರು, ಇಂಗಿ ಆಗುವುದು, ಅಂತರ್ಜಲ’ ಎಂದೂ ‘ಕಿಂಡಿ ಅಣೆಕಟ್ಟು, ತಡೆಯುವುದು, ಉಪ್ಪುನೀರು’ ಎಂದೂ ಬರೆಸಬಹುದು. ಆಮೇಲೆ ಪ್ರತಿಯೊಂದನ್ನೂ ಪೂರ್ಣ ವಾಕ್ಯವಾಗಿ ಕೆಳಗೆ ಬರೆಯಲು ಹೇಳಬೇಕು. ನಕ್ಷೆಯಲ್ಲಿರುವ ಹೇಳಿಕೆಗಳನ್ನೆಲ್ಲ ಪಟ್ಟಿಯಾಗಿ ತೆಗೆದುಕೊಡುವ ಸೌಲಭ್ಯ ಸಿ-ಮ್ಯಾಪ್ ಟೂಲ್ಸ್‌ನಲ್ಲಿರುವುದರಿಂದ ಶಿಕ್ಷಕರು ಚಿತ್ರದ ಅಂದಕ್ಕೆ ಮನಸೋಲದೆ ವಾಕ್ಯಗಳನ್ನೇ ಓದಬಹುದು.

ನಕ್ಷೆಗೆ ವಿಷಯವನ್ನು ಕೊಡುವ ಬದಲು ಪ್ರಶ್ನೆಯನ್ನು ಕೊಡಬೇಕೆಂಬುದು ನೊವಾಕ್ ಅವರ ಕಟ್ಟುನಿಟ್ಟಾದ ಸಲಹೆ. ‘ಅಂತರ್ಜಲ’ ಎಂದರೆ ಪಠ್ಯಪುಸ್ತಕದ ಶೀರ್ಷಿಕೆಗಳು ಸಾಲಾಗಿ ಬಂದು ನಿಲ್ಲುತ್ತವೆ. ‘ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಡಲತಡಿಯಲ್ಲಿ ಏಪ್ರಿಲ್, ಮೇ ಹೊತ್ತಿಗೆ ಕೆಲವು ಬಾವಿಗಳ ನೀರು ಉಪ್ಪಾಗುವುದೇಕೆ?’ ಎಂದು ಕೇಳಿದರೆ ಮಗು ಯೋಚಿಸಲೇಬೇಕು. ಮಳೆ, ಮುರಕಲ್ಲು (ಜಂಬಿಟ್ಟಿಗೆ), ಅಂತರ್ಜಲ, ಬಾವಿ, ಪಂಪು, ಸಮುದ್ರದ ನೀರು, ಅಳಿವೆ, ಭರತ (ಕಡಲ ಉಬ್ಬರ), ಕಿಂಡಿ ಅಣೆಕಟ್ಟು, ಸಾಂದ್ರತೆ ಎಂಬ 10 ಪದಗಳನ್ನು ಕೊಟ್ಟೆವೆನ್ನೋಣ. ಇವುಗಳಲ್ಲಿ ಜೋಡಿಗಳು 45 ಆಗುತ್ತವೆ; ಯಾವ ಜೋಡಿಯ ನಡುವೆ ಹೇಳಲು ಯೋಗ್ಯವಾದ ಮಾತಿದೆ ಎಂದು ಆರಿಸುವುದೇ ಮಗುವಿನ ಕೆಲಸ.

ಹೆಚ್ಚಿನ ಮಕ್ಕಳಿಗೆ ಮೊದಲ ಕೆಲವು ಬಾಣಗಳು ಕಷ್ಟವಾಗವು. ತೂತುಗಳಿರುವ ಮುರಕಲ್ಲಿನ ಮೂಲಕ ಮಳೆನೀರು ಬೇಗ ಇಳಿದು, ಅಷ್ಟೇ ಬೇಗ ಹೊಳೆಗೂ ಕಡಲಿಗೂ ಹರಿದುಹೋಗುತ್ತದೆ. ಹೊಳೆಯ ಹರಿವು ಕುಗ್ಗಿದಾಗ ಭರತದ ನೀರು ಅಳಿವೆಯಿಂದ ಒಳನಾಡಿನತ್ತ ಏರುತ್ತದೆ. ಆದರೆ ‘ಸಾಂದ್ರತೆ’ ಎಂಬ ಚೌಕ ಒಂಟಿಯಾಗಿ ಮೂಲೆಯಲ್ಲಿ ಉಳಿದುಬಿಡುತ್ತದೆ, ಏಕೆಂದರೆ ಅದು ಒಂಬತ್ತನೆಯ ತರಗತಿಯ ತೇಲುವಿಕೆಯ ಪಾಠಕ್ಕೆ ಸೇರಿದ್ದು, ಬಾವಿ ಮನೆಯಂಗಳಕ್ಕೆ ಸೇರಿದ್ದು. ಇವೆರಡನ್ನು ಜೋಡಿಸುವ ಬಾಣವೇ ಇಡೀ ನಕ್ಷೆಯ ಜೀವ. ಸಿಹಿನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.000 ಗ್ರಾಂ ಆದರೆ ಸಮುದ್ರದ ನೀರಿನದು ಸುಮಾರು 1.025. ಆದ್ದರಿಂದ ಕಡಲಂಚಿನ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 40 ಮೀಟರ್ ಎತ್ತರದ ಉಪ್ಪುನೀರಿನ ಕಂಬಕ್ಕೆ ಸರಿದೂಗಲು 41 ಮೀಟರ್ ಸಿಹಿನೀರಿನ ಕಂಬ ಬೇಕು: 40ನ್ನು 1.025ರಿಂದ ಗುಣಿಸಿದರೆ ಸರಿಯಾಗಿ 41. ಅಂದರೆ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಅಂತರ್ಜಲ ನಿಂತಿದೆಯೆಂದರೆ ಮಟ್ಟದ ಕೆಳಗೆ 40 ಮೀಟರ್ ಆಳದವರೆಗೂ ಸಿಹಿನೀರಿದೆ. ಈ ಲೆಕ್ಕವನ್ನು ಹಾಲೆಂಡಿನ ಬಾಡನ್ ಘೈಬೆನ್ 19ನೆಯ ಶತಮಾನದ ಕೊನೆಯಲ್ಲೂ ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲೂ ಬೇರೆ ಬೇರೆಯಾಗಿ ತಲುಪಿದರು. ಇದರ ಮರುಮುಖ ಭಯಾನಕವಾದದ್ದು. ಪಂಪು ಹಚ್ಚಿ ಮೇಲಿನ ಮಟ್ಟವನ್ನು ಅರ್ಧ ಮೀಟರ್ ಇಳಿಸಿ ಹಾಗೆಯೇ ಉಳಿಸಿಕೊಂಡರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್ ಮೇಲೇರಬಹುದು. ಬಂಡೆ, ಜೇಡಿ, ಮುರಕಲ್ಲು ಬೆರೆತ ನಮ್ಮ ನೆಲದಲ್ಲಿ ಲೆಕ್ಕ ಇಷ್ಟು ಸರಳವಾಗಿ ನಡೆಯದು, ನಿಜ. ಆದರೆ ಹೊಳೆಗೂ ಕಡಲಿಗೂ ನಡುವೆ ಕಿರಿದಾದ ಮರಳುಪಟ್ಟಿಯಾಗಿ ಚಾಚಿರುವ ಕೋಡಿಬೆಂಗ್ರೆಯಂಥ ಊರಿನ ಮಗುವಿಗೆ ತನ್ನ ಕಾಲ ಕೆಳಗೆ ಏನು ತೇಲುತ್ತಿದೆ ಎಂಬುದು ಈ ಬಾಣ ಬರೆದಾಗ ತಿಳಿಯುತ್ತದೆ. ದೂರದ ಎರಡು ಕ್ಷೇತ್ರಗಳನ್ನು ಹೀಗೆ ಜೋಡಿಸುವ ಅಡ್ಡಬಾಣಕ್ಕೆ ನೊವಾಕ್ ಮತ್ತು ಬಾಬ್ ಗೋವಿನ್ ಸೂಚಿಸಿದ ಅಂಕಪದ್ಧತಿಯಲ್ಲಿ 10 ಅಂಕ, ಸಾಮಾನ್ಯ ಹೇಳಿಕೆಗೆ 1.

ಮೂಢನಂಬಿಕೆಯ ಪರೀಕ್ಷೆಗೂ ಇದು ಒದಗುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರಿನ ಮೇಲೆಯೇ ಹಾದುಹೋಯಿತು. ಗ್ರಹಣಕಾಲದಲ್ಲಿ ಅಡುಗೆ ವಿಷವಾಗುತ್ತದೆ ಎಂದು ನಂಬಿ ಉಪವಾಸ ಕೂರುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ‘ಗ್ರಹಣ’ ಎಂಬ ಚೌಕದಿಂದ ‘ಕೆಟ್ಟ ಆಹಾರ’ ಎಂಬ ಚೌಕಕ್ಕೆ ಬಾಣ ಎಳೆದು ಅದರ ಮೇಲೆ ಏನಾಗುತ್ತದೆಂದು ಬರೆಯಲು ಮಕ್ಕಳಿಗೆ ಹೇಳಿ. ಚಂದ್ರನ ನೆರಳಿನಿಂದ ಬೆಳಕು ಕಡಿಮೆಯಾಗುತ್ತದೆ, ತುಸು ತಂಪಾಗುತ್ತದೆ, ಅಲ್ಲಿಗೆ ಮುಗಿಯಿತು. ಅನ್ನದ ಪಾತ್ರೆಯವರೆಗೆ ಮುಟ್ಟುವ ಮಾತು ಯಾರಿಗೂ ಸಿಗುವುದಿಲ್ಲ, ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಹಾಗೆಯೇ ಉಳಿಯುತ್ತವೆ. ಹಿರಿಯರನ್ನು ಹೀಯಾಳಿಸದೆ ಮಗು ತಾನೇ ತೀರ್ಮಾನಕ್ಕೆ ಬರಲು ಇದಕ್ಕಿಂತ ಸಭ್ಯವಾದ ದಾರಿ ನನಗೆ ತೋರಿಲ್ಲ.

ಆದರೆ ನಕ್ಷೆ ಬರೆದ ಮಾತ್ರಕ್ಕೆ ಪಾಠ ತಲೆಗೆ ಹತ್ತುತ್ತದೆಂದು ಭಾವಿಸಬಾರದು. 2011ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಕಾರ್ಪಿಕ್ ಮತ್ತು ಜಾನೆಲ್ ಬ್ಲಂಟ್ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆ ಪರೀಕ್ಷೆ ನಕ್ಷೆ ರಚಿಸುವುದೇ ಆಗಿದ್ದಾಗಲೂ ಅವರೇ ಮುಂದು. ಪುಸ್ತಕ ತೆರೆದಿಟ್ಟು ನಕ್ಷೆ ತುಂಬುವ ಮಗು ಎಷ್ಟೋ ಸಲ ನಕಲುಗಾರನಷ್ಟೇ. ಆದ್ದರಿಂದ ಮೊದಲ ನಕ್ಷೆಯನ್ನು ತರಗತಿಯಲ್ಲೇ, ಪುಸ್ತಕ ಮುಚ್ಚಿಸಿ, ಕಾಗದದ ಚೀಟಿಗಳನ್ನು ಬೆಂಚಿನ ಮೇಲೆ ಸರಿಸಾಡುತ್ತಾ ಮಾಡಿಸುವುದು ಮೇಲು. ಒಂದು ಕಂಪ್ಯೂಟರಿಗೆ ನಾಲ್ವರು ಕಾಯುವ ಲ್ಯಾಬುಗಳಿಗೂ ಇದರಿಂದ ಅನುಕೂಲ. ಅದನ್ನು ಆನ್‌ಲೈನಿನಲ್ಲಿ ಉಳಿಸಿಟ್ಟು, ಪಾಠ ಮುಗಿದ ಮೇಲೆ ಅದರ ಪ್ರತಿಯನ್ನು ತಿದ್ದಲು ಹೇಳಬೇಕು. ಹೊಸ ಬಾಣಗಳಿಗೆ ಅಂಕ ಕೊಡುವವರು ಬಹಳ. ಮಗು ತಾನಾಗಿ ಅಳಿಸಿದ ತಪ್ಪು ಬಾಣಕ್ಕೂ, ಏಕೆ ಅಳಿಸಿದೆನೆಂದು ಒಂದು ವಾಕ್ಯ ಬರೆದಿದ್ದರೆ, ಅಷ್ಟೇ ಅಂಕ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.