ಹೊಸ ಬ್ಯಾಟರಿ ಹಾಕಿಸಿದರೂ ಹೆಡ್‌ಲೈಟ್ ಮಂಕಾಗಿಯೇ ಇರುವುದೇಕೆ?

ಪ್ರಶ್ನೆ: ನನ್ನ ಹಳೆಯ ಮಾರುತಿ 800 ಕಾರಿನ ಹೆಡ್‌ಲೈಟ್ ಬಹಳ ಮಂಕಾಗಿದೆ. ಬ್ಯಾಟರಿ ಬದಲಿಸಬೇಕೆಂದರು, ಬದಲಿಸಿದೆ. ಕೆಲವು ದಿನ ಚೆನ್ನಾಗಿದ್ದು ಈಗ ಮತ್ತೆ ಮೊದಲಿನಂತೆಯೇ ಆಗಿದೆ. ಇನ್ನೂ ದೊಡ್ಡ ಬ್ಯಾಟರಿ ಹಾಕಿಸಬೇಕೇ? (ಮೂಡಿಗೆರೆ ಕಡೆಯ ಓದುಗರು)

ಉತ್ತರ: ಖಂಡಿತ ಬೇಡ. ಮಳೆಗಾಲ ಹತ್ತಿರವಾದಂತೆ ಆಲ್ದೂರು, ಬಾಳೆಹೊನ್ನೂರು, ಬೇಲೂರು, ಸಕಲೇಶಪುರ ಎಂದು ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಕಾರಿನ ಹೆಸರಷ್ಟೇ ಬೇರೆ. ಬ್ಯಾಟರಿಗೆ ಹಣ ಸುರಿದ ಕಥೆ ಒಂದೇ. ಎಷ್ಟು ಸಲ ಬರೆದರೂ ಈ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ ಈ ಬಾರಿ ಅದರ ಬೇರನ್ನೇ ಹುಡುಕೋಣ.

ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟನ್ನು ಉರಿಸುವುದು ಬ್ಯಾಟರಿಯಲ್ಲ, ನಮ್ಮ ಕಡೆ ಹಿರಿಯರು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್. ತುಂಬಿದ ಬ್ಯಾಟರಿಯ ವೋಲ್ಟೇಜ್ ಸುಮಾರು 12.6; ಎಂಜಿನ್ ಓಡುವಾಗ ಸುಸ್ಥಿತಿಯ ಆಲ್ಟರ್ನೇಟರ್ ಕೊಡುವುದು ಸಾಮಾನ್ಯವಾಗಿ 13.8ರಿಂದ 14.4. ಹೆಚ್ಚು ವೋಲ್ಟೇಜ್ ಇರುವ ಕಡೆಯಿಂದಲೇ ವಿದ್ಯುತ್ ಹರಿಯುವುದರಿಂದ, ರಸ್ತೆಯಲ್ಲಿ ಸಾಗುವಾಗ ಬ್ಯಾಟರಿ ಬೆಳಕು ಕೊಡುವುದಿರಲಿ, ತಾನೇ ಚಾರ್ಜ್ ಆಗುತ್ತಿರುತ್ತದೆ. ಅದರ ಮುಖ್ಯ ಕೆಲಸ ಸೆಲ್ಫ್ ಹೊಡೆಯುವುದು. ದೊಡ್ಡ ಬ್ಯಾಟರಿಯೂ 12 ವೋಲ್ಟ್‌ನದೇ. ಅದರಲ್ಲಿ ಸಂಗ್ರಹ ಹೆಚ್ಚಿರುತ್ತದೆಯೇ ಹೊರತು ಬಲ್ಬಿನ ಬೆಳಕಿಗೆ ಅದರಿಂದ ಏನೂ ಸೇರುವುದಿಲ್ಲ.

ಹಾಗಿದ್ದರೆ ಬ್ಯಾಟರಿ ಬದಲಿಸಿದ ಕೆಲವು ದಿನ ಬೆಳಕು ಚೆನ್ನಾಗಿತ್ತಲ್ಲ ಎಂಬ ಪ್ರಶ್ನೆ ಸಹಜ. ಈ ನಂಬಿಕೆ ಬಾಳುತ್ತಿರುವುದೇ ಆ ಅನುಭವದಿಂದ. ಬ್ಯಾಟರಿ ಬದಲಿಸುವವರು ಟರ್ಮಿನಲ್ ಬಿಚ್ಚುತ್ತಾರೆ, ಬಿಳಿ ಪುಡಿಯನ್ನು ಉಜ್ಜಿ ತೆಗೆಯುತ್ತಾರೆ, ನಟ್ಟುಗಳನ್ನು ಬಿಗಿಯುತ್ತಾರೆ. ನಿಮಗೆ ಸಿಕ್ಕ ಬೆಳಕು ಆ ಹತ್ತು ನಿಮಿಷದ ಶುಚಿಕೆಲಸದ್ದು. ಹೆಸರು ಬಂದದ್ದು ಬ್ಯಾಟರಿಗೆ. ಇನ್ನೊಂದು ಕಾರಣವೂ ಇದೆ. ಹೊಸ ಬ್ಯಾಟರಿಯನ್ನು ಅಂಗಡಿಯ ಮುಂದೆ ಎಂಜಿನ್ ನಿಲ್ಲಿಸಿಯೇ ಪರೀಕ್ಷಿಸುತ್ತಾರೆ. ಎಂಜಿನ್ ನಿಂತಿರುವಾಗ ಬೆಳಕು ಬ್ಯಾಟರಿಯದೇ ಆದ್ದರಿಂದ, ಸೋತ ಬ್ಯಾಟರಿಗಿಂತ ಹೊಸದು ಹೆಚ್ಚು ಬೆಳಗುವುದು ಸತ್ಯ. ಆದರೆ ಚಾರ್ಮಾಡಿ ಘಾಟಿಯನ್ನು ಯಾರೂ ಎಂಜಿನ್ ನಿಲ್ಲಿಸಿ ಇಳಿಯುವುದಿಲ್ಲ, ಇಳಿಯಲೂ ಬಾರದು.

ಬೆಳಕು ಕಳೆದುಹೋಗುವುದು ದಾರಿಯಲ್ಲಿ. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟಿನಲ್ಲಿ ಕಸ ಕಟ್ಟಿಕೊಂಡಿರುವಾಗ ಹೊಸ ಪಂಪ್ ತಂದರೆ ತೋಟಕ್ಕೆ ನೀರು ಹೆಚ್ಚುವುದಿಲ್ಲವೆಂಬುದು ಕಾಫಿ ಬೆಳೆಗಾರರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಡಿಪ್‌ನಲ್ಲಿ 55 ವ್ಯಾಟಿನ ಎರಡು ಬಲ್ಬು ಉರಿದಾಗ ಸುಮಾರು 9 ಆಂಪಿಯರ್ ಹರಿಯುತ್ತದೆ. ನಮ್ಮ ಮಳೆ, ಮಂಜುಗಳ ತೇವದಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿ, ಒಟ್ಟಿನಲ್ಲಿ 0.2 ಓಮ್‌ನಷ್ಟು ತಡೆ ಸೇರಿಕೊಂಡರೂ ಒಂದೂವರೆ ವೋಲ್ಟ್‌ಗಿಂತ ಹೆಚ್ಚು ಅಲ್ಲಿಯೇ ಶಾಖವಾಗಿ ಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೆಂದರೆ, ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 10ರಷ್ಟಲ್ಲ, ಸುಮಾರು 30ರಷ್ಟು ಇಳಿಯುತ್ತದೆ.

ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಇನ್ನೊಬ್ಬರಿಂದ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿಸಿ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಅಲ್ಲಿ 13ಕ್ಕಿಂತ ಕಡಿಮೆ ಇದ್ದರೆ ಬೆಲ್ಟ್ ಮತ್ತು ಆಲ್ಟರ್ನೇಟರ್ ಕಡೆ ನೋಡಬೇಕು. 13.8 ಅಥವಾ ಹೆಚ್ಚು ಇದ್ದರೆ ಚಾರ್ಜಿಂಗ್ ನಿರ್ದೋಷಿ. ಈಗ ಉರಿಯುತ್ತಿರುವ ಬಲ್ಬಿನ ಹೋಲ್ಡರಿನ ಹಿಂಬದಿಯಿಂದ ಬಲ್ಬಿಗೆ ಎಷ್ಟು ತಲುಪುತ್ತಿದೆಯೆಂದು ಅಳೆಯಿರಿ. ಎರಡರ ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ವೈರಿಂಗ್ ಚೆನ್ನಾಗಿದೆ, ರಿಫ್ಲೆಕ್ಟರಿನ ಹೊಳಪು ಹೋಗಿದೆಯೇ ನೋಡಿ. ಒಂದು ವೋಲ್ಟ್ ದಾಟಿದರೆ ದೋಷ ದಾರಿಯಲ್ಲಿದೆ. ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನ ಪಾಸಿಟಿವ್‌ವರೆಗೆ ಒಮ್ಮೆ, ಬಲ್ಬಿನ ಇನ್ನೊಂದು ತುದಿಯಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಇನ್ನೊಮ್ಮೆ ಅಳೆದರೆ ಯಾವ ಬದಿಯಲ್ಲೆಂದು ತಿಳಿಯುತ್ತದೆ. ಎರಡನೆಯ ಬದಿಯನ್ನು ಬಿಡಬೇಡಿ. ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುವ ಅರ್ತ್ ತಂತಿ ಕಾರಿನ ಲೋಹದ ಬಾಡಿಯನ್ನು ಸೇರುವ ಬೋಲ್ಟಿನ ಕೆಳಗೆ ತುಕ್ಕಿರುವುದು ಬಹಳ ಸಾಮಾನ್ಯ, ಮತ್ತು ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇರುವುದೂ ಅದೇ ಬದಿಯಲ್ಲಿ. ಎಲ್ಲವನ್ನೂ ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಕರೆಂಟ್ ಹರಿಯದಿದ್ದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ.

ದೋಷ ಸಿಕ್ಕಿದ ಕಡೆ ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸ್ವಿಚ್ಚೇ ಸೋತಿದ್ದರೆ ಅದನ್ನು ಬದಲಿಸಿ, ಜೊತೆಗೆ ರಿಲೇ (ಅಲ್ಪ ಕರೆಂಟಿನಿಂದ ನಡೆಯುವ ಇನ್ನೊಂದು ಸ್ವಿಚ್) ಹಾಕಿಸಿ; ಆಗ ಬಲ್ಬಿನ ಕರೆಂಟ್ ದಪ್ಪ ತಂತಿಯಲ್ಲಿ, ಫ್ಯೂಸಿನ ಮೂಲಕ ನೇರವಾಗಿ ಬರುತ್ತದೆ, ಸ್ವಿಚ್ಚಿಗೆ ಅಲ್ಪ ಭಾರವಷ್ಟೇ ಉಳಿಯುತ್ತದೆ. ಹಳೆಯ ವೈರಿಂಗಿಗೆ 90 ವ್ಯಾಟಿನ ಬಲ್ಬು ಮಾತ್ರ ಹಾಕಬೇಡಿ. ಕರೆಂಟ್ ಒಂದೂವರೆ ಪಟ್ಟು ಮೀರುತ್ತದೆ, ಜಾಯಿಂಟಿನ ಶಾಖ ಎರಡೂವರೆ ಪಟ್ಟು ಮೀರುತ್ತದೆ, ಹೋಲ್ಡರ್ ಕರಗುತ್ತದೆ.

ನೀವು ಕೇಳದಿದ್ದರೂ ಹಿಂದಿನ ದೀಪಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಮುಂದೆ ಕಿಲುಬು ಹಿಡಿದ ಕಾರಿನ ಹಿಂಭಾಗ ಸಾಮಾನ್ಯವಾಗಿ ಇನ್ನೂ ಕೆಟ್ಟಿರುತ್ತದೆ, ಅದು ಓಡಿಸುವವರ ಕಣ್ಣಿಗೆ ಬೀಳುವುದಿಲ್ಲ. ಟೇಲ್, ಬ್ರೇಕ್, ಇಂಡಿಕೇಟರ್ ಮೂರಕ್ಕೂ ಅನೇಕ ಕಾರುಗಳಲ್ಲಿ ಅರ್ತ್ ಒಂದೇ. ಅದು ಸಡಿಲವಾದರೆ ಬ್ರೇಕಿನ ಕರೆಂಟ್ ಪಕ್ಕದ ಬಲ್ಬಿನ ಮೂಲಕ ಹಿಂದಿರುಗಲು ದಾರಿ ಹುಡುಕುತ್ತದೆ. ಆಗ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಸುಕಾಗಿ ಮಿನುಗುತ್ತದೆ, ಇಂಡಿಕೇಟರ್ ಹಾಕಿದರೆ ಟೇಲ್ ದೀಪ ಅದರ ತಾಳಕ್ಕೆ ಕುಗ್ಗಿ ಹಿಗ್ಗುತ್ತದೆ. ಇದನ್ನು ಕಂಡು ವೈರಿಂಗ್ ಪೂರ್ತಿ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು, ಒಂದು ತುಂಡು ತಂತಿಯಿಂದ ಆ ದೀಪದ ಅರ್ತ್ ತುದಿಯನ್ನು ಬಣ್ಣ ಕೆರೆದ ಬಾಡಿಯ ಲೋಹಕ್ಕೆ ಮುಟ್ಟಿಸಿ ನೋಡಿ. ದೀಪಗಳೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದರೆ ಬದಲಿಸಬೇಕಾದದ್ದು ಆ ಒಂದು ಅರ್ತ್ ತಂತಿ ಮಾತ್ರ.