ಮುರಿಯಲೆಂದೇ ಮಾಡಿದ ಈಟಿ

1559ರ ಜೂನ್ 30. ಫ್ರಾನ್ಸಿನ ದೊರೆ ಎರಡನೇ ಹೆನ್ರಿಯ ಮಗಳಿಗೂ ತಂಗಿಗೂ ಮದುವೆ ಗೊತ್ತಾಗಿತ್ತು. ಸ್ಪೇನ್ ಜೊತೆಗಿನ ಯುದ್ಧವೂ ಮುಗಿದಿತ್ತು. ಆ ಖುಷಿಗೆ ಪ್ಯಾರಿಸ್ಸಿನಲ್ಲಿ ಜೌಸ್ಟಿಂಗ್ ಪಂದ್ಯ. ಕವಚ ತೊಟ್ಟ ಇಬ್ಬರು ನೈಟ್‌ಗಳು ಎದುರಾಬದುರಾಗಿ ಕುದುರೆ ಓಡಿಸಿಕೊಂಡು ಬಂದು ಈಟಿಯಿಂದ ಗುದ್ದುವ ಆಟ ಅದು. 40 ವರ್ಷದ ದೊರೆ ತಾನೇ ಕಣಕ್ಕಿಳಿದಿದ್ದ.

ಒಂದೊಂದು ಕುದುರೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ, ಡಿಕ್ಕಿಯ ವೇಗ 60. ಸವಾರ ಈಟಿಯನ್ನು ಕಂಕುಳಲ್ಲಿ ಅವುಚಿ, ಎದೆಕವಚದ ಬಲಬದಿಯ ಕೊಕ್ಕೆಗೆ ಆನಿಸುತ್ತಿದ್ದ. ಹಿಂದಕ್ಕೆ ಬೀಳದಂತೆ ಎತ್ತರದ ಜೀನು ಬೇರೆ. ಅಂದರೆ ಗುದ್ದುವುದು ಬರೀ ತೋಳಲ್ಲ, ಕುದುರೆ ಸವಾರ ಇಬ್ಬರ ತೂಕವೂ ಸೇರಿ.

ಇಂಥ ಪೆಟ್ಟು ತಿಂದೂ ಹೆಚ್ಚಿನವರು ಬದುಕುತ್ತಿದ್ದರಲ್ಲ, ಹೇಗೆ? ಈಟಿ ಮರದ್ದು. ಬಲ ಒಂದು ಮಿತಿ ದಾಟಿದರೆ ಅದು ಮುರಿಯುತ್ತದೆ, ಮುಂದಿನ ಹೊಡೆತ ಮೈಗೆ ತಾಕುವುದಿಲ್ಲ. ಅಪಘಾತದಲ್ಲಿ ಕಾರಿನ ಮೂತಿ ನಜ್ಜುಗುಜ್ಜಾಗಿ ಒಳಗಿದ್ದವರನ್ನು ಉಳಿಸುವುದಿಲ್ವಾ, ಹಾಗೆ. ಸ್ನೇಹದ ಪಂದ್ಯಗಳಲ್ಲಿ ಈಟಿಗೆ ಚೂಪು ಮೊನೆಯ ಬದಲು ಮೂರ್ನಾಲ್ಕು ಮೊಂಡು ಹಲ್ಲುಗಳಿದ್ದ ತುದಿ ಹಾಕುತ್ತಿದ್ದರು. 15ನೇ ಶತಮಾನದಲ್ಲಿ ಸವಾರರ ನಡುವೆ ಉದ್ದಕ್ಕೂ ಒಂದು ತಡೆ ಬಂತು. ಕುದುರೆಗಳು ಡಿಕ್ಕಿಯಾಗುವುದು ತಪ್ಪಿತು. ಈಟಿ ಓರೆಯಾಗಿ ಬಡಿಯುವುದರಿಂದ ಬೇಗ ಮುರಿಯತೊಡಗಿತು. ಎಷ್ಟು ಈಟಿ ಮುರಿದೆ ಅನ್ನುವುದರ ಮೇಲೆಯೇ ಅಂಕ! ಶೌರ್ಯ ತೋರಿಸುವ ಆಟದಲ್ಲಿ ಇಷ್ಟೊಂದು ಮುಂಜಾಗ್ರತೆ ಅಡಗಿತ್ತು ಅನ್ನುವುದೇ ನನಗೆ ಮಜಾ ಅನಿಸುವುದು.

ಆದರೆ ಮುರಿದ ಮರಕ್ಕೆ ಸಿಬಿರುಗಳಿರುತ್ತವೆ. ಆ ದಿನ ಎದುರಾಳಿ ಮಾಂಟ್ಗೊಮರಿಯ ಈಟಿ ಮುರಿಯಿತು. ಕೈಯಲ್ಲುಳಿದ ಮೋಟು ದೊರೆಯ ಮುಖಗವಚಕ್ಕೆ ಬಡಿದು, ಸಿಬಿರುಗಳು ಕಣ್ಣಿನ ಬಳಿ ಹೊಕ್ಕವು. ಹೆಸರಾಂತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಬಂದ. ಅಂಗರಚನೆ ಬಲ್ಲ ವೆಸಾಲಿಯಸ್ ಬ್ರಸೆಲ್ಸ್‌ನಿಂದ ಓಡಿ ಬಂದ. ಉಪಯೋಗವಾಗಲಿಲ್ಲ. ಜುಲೈ 10ಕ್ಕೆ ದೊರೆ ತೀರಿಕೊಂಡ.

ಶವ ಕೊಯ್ದು ನೋಡಿದರೆ ತಲೆಬುರುಡೆ ಒಡೆದೇ ಇರಲಿಲ್ಲ. ಪೆಟ್ಟು ಬಿದ್ದದ್ದು ಮುಂದೆ, ಮಿದುಳಿನಲ್ಲಿ ರಕ್ತ ಕಟ್ಟಿದ್ದು ಹಿಂದೆ! ಪಾರೆ ಇದನ್ನು ಬರೆದಿಟ್ಟ. ತಲೆ ಜೋರಾಗಿ ಕುಲುಕಿದಾಗ ಮಿದುಳು ಬುರುಡೆಯೊಳಗೇ ಜರುಗುತ್ತದೆ. ಹಾಗಾಗಿ ಪೆಟ್ಟಿನ ಎದುರು ಬದಿಯಲ್ಲೂ ಗಾಯವಾಗಬಹುದು. ಕಬ್ಬಿಣದ ಟೋಪಿ ಚುಚ್ಚುವುದನ್ನು, ಕೊಯ್ಯುವುದನ್ನು ತಡೆದೀತು. ಕುಲುಕಾಟವನ್ನು ತಡೆಯುವುದು ಕಷ್ಟ. ಇಂದಿನ ಹೆಲ್ಮೆಟ್ ತಯಾರಕರು ತಲೆಕೆಡಿಸಿಕೊಳ್ಳುವುದೂ ಇದಕ್ಕೇ.