ಗರಡಿ ಬಿಟ್ಟರೆ ಮೊದಲು ಹೋಗುವುದು ದಮ್ಮು

ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಆಮೇಲೆ ಬೇಸಿಗೆ ಮುಗಿಯುವ ತನಕ ಊರೂರ ಜಾತ್ರೆ. ನಮ್ಮ ಕಡೆ ಜಂಗಿ ನಿಕಾಲಿ ಕುಸ್ತಿಗೆ, ಅಂದರೆ ಸೋಲು-ಗೆಲುವು ತೀರ್ಮಾನವಾಗುವ ತನಕ ಆಡುವ ಕುಸ್ತಿಗೆ, ಇದೇ ಹಂಗಾಮು. ಮುಂಗಾರು ಬಿತ್ತು ಅಂದರೆ ಪೈಲ್ವಾನರು ಕೂರಿಗೆ ಹಿಡಿಯುತ್ತಾರೆ, ಗರಡಿ ಮನೆ ಭಣಗುಡುತ್ತದೆ. ಆಗ ಕಟ್ಟೆಯ ಮೇಲೆ ಕೂತ ಹಿರಿಯರದು ಪ್ರತಿ ವರ್ಷ ಒಂದೇ ಮಾತು: "ಸಾಮು ಬಿಟ್ಟರ ಮಾಂಸೆಲ್ಲಾ ಬೊಜ್ಜ ಆಗತೈತಿ."

ಆಗುವುದಿಲ್ಲ. ಮಾಂಸಖಂಡದ ಎಳೆ ಬೇರೆ, ಕೊಬ್ಬಿನ ಕೋಶ ಬೇರೆ. ಒಂದು ಇನ್ನೊಂದಾಗಿ ಬದಲಾಗುವ ದಾರಿಯೇ ಇಲ್ಲ. ನಡೆಯುವುದು ಇಷ್ಟೇ: ತಾಲೀಮು ನಿಲ್ಲುತ್ತದೆ, ತಾಟು ಮಾತ್ರ ಹಾಗೇ ಇರುತ್ತದೆ. 100 ಗ್ರಾಂ ತುಪ್ಪದಲ್ಲಿ ಸುಮಾರು 900 ಕಿಲೋಕ್ಯಾಲರಿ ಇದೆ. 80 ಕಿಲೋ ತೂಕದವನು ಅದನ್ನು ಕರಗಿಸಲು ಹೆಚ್ಚುಕಡಿಮೆ 11 ಕಿಲೋಮೀಟರ್ ಓಡಬೇಕು. ಯಾರು ಓಡುತ್ತಾರೆ? ಕೊಬ್ಬು ಕೂಡುತ್ತದೆ, ಪಕ್ಕದಲ್ಲೇ ಮಾಂಸ ಸಣ್ಣಗಾಗುತ್ತದೆ. ನೋಡುವವರಿಗೆ ಒಂದು ಇನ್ನೊಂದಾದಂತೆ ಕಾಣುತ್ತದೆ.

ಹಂಗಾಮು ಮುಗಿದ ಮೇಲಿನ ಈ ಪಾಡು ನಮ್ಮವರಿಗಷ್ಟೇ ಅಲ್ಲ. ಫಿನ್‌ಲೆಂಡ್‌ನಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಅಲ್ಲಿನವರು ಜಾರುಬಂಡಿಯಲ್ಲಿ ಸಾಮಾನು ಎಳೆದುಕೊಂಡು ಹೋಗಿ, ಹಿಮಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಹಿಮ ಕರಗಿದರೆ ಆ ಎಳೆತ, ಆ ಕೊರೆತ ಎಲ್ಲ ಬಂದ್. ಅವರ ಮೈಯಲ್ಲೂ ಆಗುವುದು ಇದೇ.

ಹಾಗಾದರೆ ಬಿಟ್ಟ ಮೇಲೆ ಮೊದಲು ಹೋಗುವುದು ಏನು? ತೋಳಿನ ಸುತ್ತಳತೆ ಅಲ್ಲ, ದಮ್ಮು. ಅದರ ಬೇರು ಇರುವುದು ರಕ್ತದಲ್ಲಿ. ದಿನಾ ಬೆವರು ಹರಿಸುವವನ ರಕ್ತದಲ್ಲಿ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಜಾಸ್ತಿ ಇರುತ್ತದೆ. ಕಸರತ್ತು ನಿಂತ ಕೆಲವೇ ದಿನಗಳಲ್ಲಿ ಅದು ಇಳಿಯತೊಡಗುತ್ತದೆ. ರಕ್ತ ಕಡಿಮೆಯಾದರೆ ಹೃದಯ ಪೂರ್ತಿ ತುಂಬುವುದಿಲ್ಲ. ತುಂಬದಿದ್ದರೆ ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತವೂ ಕಡಿಮೆ. ಆ ಕೊರತೆ ನೀಗಲು ಎದೆ ಜೋರಾಗಿ ಬಡಿದುಕೊಳ್ಳುತ್ತದೆ. ಹೋದ ತಿಂಗಳು ಸರಾಗವಾಗಿ ಹತ್ತಿದ ಗುಡ್ಡ ಈಗ ಏದುಸಿರು ಬಿಡಿಸುತ್ತದೆ. 1984ರಲ್ಲಿ ಸಂಶೋಧಕ ಎಡ್ವರ್ಡ್ ಕಾಯ್ಲ್ ಮತ್ತು ಜೊತೆಗಾರರು ಚೆನ್ನಾಗಿ ಪಳಗಿದ 7 ಕ್ರೀಡಾಪಟುಗಳ ಅಭ್ಯಾಸ ನಿಲ್ಲಿಸಿ ಅಳೆದರು. ಮೈ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ 3 ವಾರದಲ್ಲಿ ಶೇ. 7ರಷ್ಟು ಇಳಿಯಿತು. 8 ವಾರಕ್ಕೆ ಆ ಇಳಿಕೆ ಶೇ. 16ಕ್ಕೆ ಬಂದು ನಿಂತಿತು.

ಪೂರ್ತಿ ಮಲಗಿದರೆ ಇನ್ನೂ ಕೆಟ್ಟದ್ದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 5 ತರುಣರನ್ನು 3 ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಇದೇ ಗರಿಷ್ಠ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷದ ನಂತರ ಅದೇ ಐವರನ್ನು ಹುಡುಕಿ ಪರೀಕ್ಷೆ ಮಾಡಿದರು. ವಯಸ್ಸು ಕಸಿದಿದ್ದಕ್ಕಿಂತ ಆ 3 ವಾರದ ಹಾಸಿಗೆ ಕಸಿದಿದ್ದೇ ಹೆಚ್ಚಾಗಿತ್ತು! ಜ್ವರ ಬಿಟ್ಟ ಮೇಲೂ "ಸುಮ್ನೆ ಮಲಗು" ಅನ್ನುವವರಿಗೆ ಈ ಕತೆ ಹೇಳಬೇಕು.

ಇನ್ನು ನನಗೆ ಬಹಳ ಇಷ್ಟವಾದ ಸಂಗತಿ. ನಮ್ಮ ಬಹುತೇಕ ಕೋಶಗಳಲ್ಲಿ ಒಂದೇ ಕೋಶಕೇಂದ್ರ ಇದ್ದರೆ ಮಾಂಸಖಂಡದ ಒಂದು ಎಳೆಯಲ್ಲಿ ನೂರಾರು ಇರುತ್ತವೆ. ಅಕ್ಕಪಕ್ಕದ ಭಾಗಕ್ಕೆ ಬೇಕಾದ ಪ್ರೋಟೀನು ಕಟ್ಟಲು ಅಪ್ಪಣೆ ಕೊಡುವುದು ಅವೇ. ಸಂಗ್ರಾಣಿ ಕಲ್ಲು ಎತ್ತಿ ಎತ್ತಿ ಎಳೆ ದಪ್ಪವಾದಾಗ ಹೊಸ ಕೇಂದ್ರಗಳು ಸೇರುತ್ತವೆ. ಎಳೆ ಮತ್ತೆ ತೆಳ್ಳಗಾದರೆ ಅವು ಏನಾಗುತ್ತವೆ? 2010ರಲ್ಲಿ ನಾರ್ವೆಯ ಓಸ್ಲೋದಲ್ಲಿ ಕ್ರಿಸ್ಟಿಯನ್ ಗುಂಡರ್ಸನ್ ಅವರ ತಂಡ ಇಲಿಗಳಲ್ಲಿ ನೋಡಿತು. ಎಳೆ ಸೊರಗಿದರೂ 3 ತಿಂಗಳ ತನಕ ಕೇಂದ್ರಗಳು ಉಳಿದೇ ಇದ್ದವು. ಇಲಿಯ ಆಯುಸ್ಸೇ ಸುಮಾರು 2 ವರ್ಷ, ಲೆಕ್ಕ ಹಾಕಿ. ಅರ್ಧ ಮಂದಿ ದುಡಿಯಲು ಪುಣೆಗೆ ಹೋದ ವಾಡೆಯಲ್ಲಿ ಕೋಣೆಗಳಿಗೆ ಬೀಗ ಬಿದ್ದರೂ ಒಲೆಗಳು ಹಾಗೇ ಉಳಿದಂತೆ. ಮಂದಿ ಮರಳಿದ ದಿನವೇ ಅಡುಗೆ ಶುರು. ಮನುಷ್ಯರಲ್ಲಿ ಕೇಂದ್ರಗಳು ಎಷ್ಟು ಕಾಲ ಉಳಿಯುತ್ತವೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಹಳೆಯ ಪೈಲ್ವಾನನ ತೋಳು ಹೊಸಬನಿಗಿಂತ ಬೇಗ ತುಂಬಿಕೊಳ್ಳುವುದನ್ನು ಯಾವ ಗರಡಿಯಲ್ಲಾದರೂ ನೋಡಬಹುದು.

"ಹೊಲದಾಗ ದುಡಿತೀವಲ್ರೀ, ಸಾಕಲ್ಲ?" ಅಂತ ಕೇಳುವವರಿದ್ದಾರೆ. ಅರ್ಧ ಸಾಕು. 1980ರ ದಶಕದಲ್ಲಿ ಸಂಶೋಧಕ ರಾಬರ್ಟ್ ಹಿಕ್ಸನ್ ವಾರಕ್ಕೆ 6 ದಿನ ಬೆವರು ಸುರಿಸಿದವರ ಕಸರತ್ತನ್ನು 2 ದಿನಕ್ಕೆ ಇಳಿಸಿದರು. 15 ವಾರವಾದರೂ ದಮ್ಮು ಕುಗ್ಗಲಿಲ್ಲ, ಯಾಕೆಂದರೆ ಆ 2 ದಿನದ ಬಿರುಸು ಮೊದಲಿನಷ್ಟೇ ಇತ್ತು. ಬಿರುಸು ಇಳಿಸಿ ನೋಡಿದಾಗ ದಮ್ಮೂ ಇಳಿಯಿತು. ಬಿತ್ತನೆ, ಕಳೆ ತೆಗೆಯುವುದು ದಿನವಿಡೀ ನಡೆಯುವ ಕೆಲಸ. ಅದು ಹೊಟ್ಟೆ ಕರಗಿಸೀತು. ಆದರೆ ಮಣ್ಣಿನಲ್ಲಿ ಪಟ್ಟು ಬಿಡಿಸಿಕೊಳ್ಳುವಾಗಿನಂತೆ ಎದೆ ಬಡಿಸುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೆರಡು ಸಂಜೆ ಏರು ಹಾದಿಯಲ್ಲಿ ಬಿರುಸಾಗಿ ಓಡಿ, ಒಂದಿಷ್ಟು ಸಾಮು, ಬೈಠಕ್ ಹೊಡೆದರೆ ಆ ಕೊರತೆ ತುಂಬುತ್ತದೆ.

ದಸರೆಯ ಹೊತ್ತಿಗೆ ಗರಡಿಗೆ ಮರಳುವವರಿಗೆ ಒಂದು ಎಚ್ಚರಿಕೆ. ಮೊದಲ ದಿನವೇ ಹಳೆಯ ಲೆಕ್ಕದಲ್ಲಿ 500 ಬೈಠಕ್ ಹೊಡೆಯಬೇಡಿ. ಪಳಗದ ಎಳೆಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ತೊಡೆ ವಿಪರೀತ ಬಿಗಿದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂರಬಾರದು, ದೃಷ್ಟಿಯನ್ನೂ ತೆಗೆಸಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.